ಸಾಂಗ್ಲಿಯ ರಂಗಕ್ಕೆ ಕರ್ಕಿ ಮೇಳದ ಬೀಜ

ಕಾಗವಾಡ ದಾಟಿ ಮ್ಹೈಸಾಳದ ಮೇಲೆ ಮಿರಜಕ್ಕೆ ಹೋಗುವ ದಾರಿಯಲ್ಲಿ ರಾಜ್ಯ ಬದಲಾಗುತ್ತದೆ, ಮನೆಮಾತು ಅಷ್ಟು ಬೇಗ ಬದಲಾಗುವುದಿಲ್ಲ. ಕೃಷ್ಣೆಯ ದಂಡೆಯ ಈ ಊರುಗಳಲ್ಲಿ ಕನ್ನಡವೂ ಮರಾಠಿಯೂ ಒಂದೇ ಪಡಸಾಲೆಯಲ್ಲಿ ಕೇಳಿಬರುತ್ತವೆ. ಮಿರಜದ ಆಚೆಗಿರುವ ಸಾಂಗ್ಲಿಯಲ್ಲಿ ಪ್ರತಿ ನವೆಂಬರ್ 5ರಂದು ಒಬ್ಬ ಹಿರಿಯ ರಂಗಕರ್ಮಿಗೆ ವಿಷ್ಣುದಾಸ ಭಾವೆ ಗೌರವ ಪದಕ ಕೊಡುತ್ತಾರೆ. ಇಡೀ ಮಹಾರಾಷ್ಟ್ರಕ್ಕೆ ಅದು ಮರಾಠಿ ರಂಗಭೂಮಿ ದಿನ. 1843ರ ಆ ದಿನ ಸಾಂಗ್ಲಿಯ ಅರಮನೆಯಲ್ಲಿ ‘ಸೀತಾ ಸ್ವಯಂವರ’ ರಂಗಕ್ಕೆ ಬಂತು. ಅದಕ್ಕೆ ದಾರಿ ತೋರಿಸಿದ್ದು ನಮ್ಮ ಉತ್ತರ ಕನ್ನಡದ ಒಂದು ಯಕ್ಷಗಾನ ಮೇಳ. ಖರ್ಚು ಹೊತ್ತಿದ್ದು ಸಾಂಗ್ಲಿ ಸಂಸ್ಥಾನದ ಬೊಕ್ಕಸ.

ಮೇಳ ಬಂದದ್ದು ಹಿಂದಿನ ವರ್ಷ, 1842ರಲ್ಲಿ. ಹೊನ್ನಾವರದ ಪಕ್ಕದ ಕರ್ಕಿಯಿಂದ ಘಟ್ಟ ಹತ್ತಿ, ಬಯಲುಸೀಮೆ ಹಾದು, ಕೃಷ್ಣೆಯ ತನಕ. ರೈಲಿಲ್ಲದ ಕಾಲದಲ್ಲಿ ಗೆಜ್ಜೆ, ಕಿರೀಟ, ಚಂಡೆ, ಮದ್ದಳೆಗಳ ಪೆಟ್ಟಿಗೆಯೊಂದಿಗೆ ಅಷ್ಟು ದೂರ ನಡೆದು ಬಂದವರ ಹೆಸರುಗಳು ಮರಾಠಿ ರಂಗಭೂಮಿಯ ಚರಿತ್ರೆಗಳಲ್ಲಿ ಸಿಗುವುದಿಲ್ಲ. ‘ಕರ್ಕಿಯ ಭಾಗವತ ಮಂಡಳಿ’ ಎಂಬ ಎರಡು ಮೂರು ಪದಗಳಲ್ಲಿ ಅವರ ಪ್ರಸ್ತಾಪ ಮುಗಿಯುತ್ತದೆ. ನನಗೆ ಇದು ಬಹಳ ನೋವಿನ ಸಂಗತಿ.

ಆಟ ನೋಡಿದ ಸಂಸ್ಥಾನಿಕ ಚಿಂತಾಮಣರಾವ್ ಅಪ್ಪಾಸಾಹೇಬ ಪಟವರ್ಧನರು ಮೆಚ್ಚಿದರು. ಇಂಥದ್ದು ನಮ್ಮ ಮರಾಠಿಯಲ್ಲೂ ಆಗಬೇಕು ಎಂದು ತಮ್ಮ ಆಶ್ರಯದಲ್ಲಿದ್ದ ತರುಣ ವಿಷ್ಣು ಅಮೃತ ಭಾವೆಗೆ, ಅಂದರೆ ಮುಂದಿನ ವಿಷ್ಣುದಾಸ ಭಾವೆಗೆ, ಹೇಳಿದರು. ಭಾವೆಗೆ ಗೊಂಬೆ ಮಾಡುವ ಕೈಚಳಕವಿತ್ತು, ಪದ ಕಟ್ಟುವ ಹುಚ್ಚಿತ್ತು. ಇಲ್ಲದಿದ್ದದ್ದು ದುಡ್ಡು. ಜರತಾರಿ ಬಟ್ಟೆ, ಆಭರಣ, ಎಣ್ಣೆ ದೀಪ, ವಾದ್ಯದವರು, ತಿಂಗಳುಗಟ್ಟಲೆ ತಾಲೀಮು ಮಾಡುವ ಹುಡುಗರ ಊಟ, ಇವೆಲ್ಲ ಅರಮನೆಯ ಲೆಕ್ಕಕ್ಕೆ ಸೇರಿದವು. ಮರ್ಯಾದಸ್ಥರ ಮನೆಯ ಹುಡುಗ ಬಣ್ಣ ಹಚ್ಚಿದರೆ ಊರು ಆಡಿಕೊಳ್ಳುತ್ತಿದ್ದ ದಿನಗಳವು. ರಾಜನೇ ಬೆನ್ನಿಗಿದ್ದಾನೆ ಎಂಬ ಧೈರ್ಯ ಹಣಕ್ಕಿಂತ ಹೆಚ್ಚು ಕೆಲಸ ಮಾಡಿರಬೇಕು.

ಭಾವೆ ಕಟ್ಟಿದ ‘ಸೀತಾ ಸ್ವಯಂವರ’ದ ಒಳಗೆ ಇಣುಕಿದರೆ ಯಕ್ಷಗಾನ ಬಲ್ಲ ಕನ್ನಡಿಗರಿಗೆ ಪರಿಚಯದ ಮುಖಗಳೇ ಕಾಣುತ್ತವೆ. ಮೊದಲು ಗಣಪತಿಯ ಸ್ತುತಿ, ಗಣಪತಿ ವೇಷವೇ ರಂಗಕ್ಕೆ ಬರುವುದು, ಆಮೇಲೆ ಕುಣಿಯುತ್ತ ಬರುವ ಸರಸ್ವತಿ. ನಮ್ಮ ಪೂರ್ವರಂಗದ ಕೋಡಂಗಿಯಂತೆ ನಗಿಸುವ ವಿದೂಷಕ. ಭಾಗವತರ ಜಾಗದಲ್ಲಿ ತಾಳ ಹಿಡಿದ ಸೂತ್ರಧಾರ. ಕಥೆಯ ಪದಗಳನ್ನೆಲ್ಲ ಅವನೇ ಹಾಡಬೇಕು. ಬರೆದಿಟ್ಟದ್ದು ಪದ ಮಾತ್ರ, ಮಾತು ಪಾತ್ರಧಾರಿಯದು. ಅಂದಂದಿನ ಹುಮ್ಮಸ್ಸಿನಲ್ಲಿ ಅಂದಂದೇ ಹುಟ್ಟುವ ಮಾತು. ಇದು ನಮ್ಮ ಪ್ರಸಂಗ ಮತ್ತು ಅರ್ಥಗಾರಿಕೆಯ ಕ್ರಮವೇ ಸರಿ. ರಕ್ಕಸರ ಪಾತ್ರಗಳು ಅಬ್ಬರಿಸಿ ಕುಣಿದು ಪ್ರವೇಶಿಸುತ್ತಿದ್ದವು. ಹಾಗೆಂದು ಭಾವೆ ನಕಲು ಮಾಡಿದರು ಎನ್ನುವುದು ಅನ್ಯಾಯ. ಕರಾವಳಿಯ ಏರುಮದ್ದಳೆ, ಹೆಜ್ಜೆಗಾರಿಕೆಗಳನ್ನು ಅವರು ತರಲಿಲ್ಲ, ಮರಾಠಿ ಕೀರ್ತನದ ಧಾಟಿಯನ್ನು ತಂದರು. ಬೀಜ ಕರ್ಕಿಯದು, ಮಣ್ಣು ಸಾಂಗ್ಲಿಯದು.

1851ರಲ್ಲಿ ಅಪ್ಪಾಸಾಹೇಬರು ತೀರಿಕೊಂಡರು. ಬೊಕ್ಕಸದ ಬಾಗಿಲು ಮುಚ್ಚಿತು. ಒಬ್ಬರ ಕೈಯನ್ನೇ ನಂಬಿದ ಎಲ್ಲ ಮಂಡಳಿಗಳಿಗೂ ಒಂದು ದಿನ ಈ ಸಂಕಟ ಬಂದೇ ಬರುತ್ತದೆ. ಸಾಲದ ಹೊರೆ ಹೊತ್ತ ಭಾವೆ ಮಂಡಳಿಯನ್ನು ಒಡೆಯಲಿಲ್ಲ, ಬಂಡಿ ಕಟ್ಟಿಸಿ ಊರೂರಿಗೆ ಹೊರಟರು. 1853ರಲ್ಲಿ ಮುಂಬಯಿಯ ಗ್ರಾಂಟ್ ರೋಡಿನ ಥಿಯೇಟರಿನಲ್ಲಿ ಟಿಕೀಟಿಟ್ಟು ಆಡಿದರು. ಅಲ್ಲಿಯವರೆಗೆ ಇಂಗ್ಲಿಷ್ ಆಟಗಳಿಗೆ ಮೀಸಲಾಗಿದ್ದಂತಿದ್ದ ರಂಗದ ಮೇಲೆ ದೇಶಭಾಷೆಯ ಆಟಕ್ಕೆ ಜನ ದುಡ್ಡು ಕೊಟ್ಟು ಕುಳಿತರು. ರಾಜಾಶ್ರಯದ ಕಲೆ ಪ್ರೇಕ್ಷಕರ ಆಶ್ರಯಕ್ಕೆ ಬಂದ ಈ ತಿರುವು ನನ್ನ ಮಟ್ಟಿಗೆ ‘ಸೀತಾ ಸ್ವಯಂವರ’ದಷ್ಟೇ ದೊಡ್ಡದು. ಸುಮಾರು ಒಂದು ದಶಕ ಹೀಗೆ ತಿರುಗಿ ಭಾವೆ ರಂಗದಿಂದ ಹಿಂದೆ ಸರಿದರು. 1901ರಲ್ಲಿ ತೀರಿಕೊಂಡರು.

ಅವರ ದಾರಿಯಲ್ಲಿ ಹೊರಟ ಸಾಂಗ್ಲಿಕರ ಮಂಡಳಿಗಳು ಕನ್ನಡ ನಾಡಿಗೂ ಬಂದವು. ಧಾರವಾಡ, ಗದಗದ ಜನ ಮರಾಠಿ ಆಟಕ್ಕೆ ಮುಗಿಬಿದ್ದದ್ದನ್ನು ಕಂಡು ಕೆರಳಿದ ಸಕ್ಕರಿ ಬಾಳಾಚಾರ್ಯರು, ಅಂದರೆ ಶಾಂತಕವಿಗಳು, 1870ರ ದಶಕದಲ್ಲಿ ‘ಉಷಾಹರಣ’ ಬರೆದು ಗದುಗಿನಲ್ಲಿ ಕೃತಪುರ ನಾಟಕ ಮಂಡಳಿ ಕಟ್ಟಲು ನಿಂತರು. ಕರ್ಕಿಯಿಂದ ಸಾಂಗ್ಲಿಗೆ ಹೋದದ್ದು ಗದುಗಿನ ಮೂಲಕ ಮನೆಗೆ ಮರಳಿತು.

ಸಾಂಗ್ಲಿಯವರು ತಮ್ಮ ಭಾವೆಯನ್ನು ಮರೆಯಲಿಲ್ಲ ಎಂಬುದನ್ನು ಮನಸ್ಸು ತುಂಬಿ ಹೇಳಬೇಕು. 1943ರಲ್ಲಿ ರಂಗಭೂಮಿಯ ಶತಮಾನೋತ್ಸವ ಅಲ್ಲಿಯೇ ನಡೆಯಿತು. ಅಖಿಲ ಮಹಾರಾಷ್ಟ್ರ ನಾಟ್ಯ ವಿದ್ಯಾಮಂದಿರ ಸಮಿತಿ ಭಾವೆಯವರ ಹೆಸರಿನ ನಾಟ್ಯಮಂದಿರವನ್ನು ನಡೆಸುತ್ತಿದೆ, ಪದಕವನ್ನೂ ಕೊಡುತ್ತಿದೆ. ಮೊದಲ ಪದಕ ಇದೇ ಜಿಲ್ಲೆಯ ನಾಗಠಾಣೆಯ ಬಾಲಗಂಧರ್ವರಿಗೆ ಸಂದಿತು. ಅರಮನೆ ಹೊತ್ತ ಭಾರವನ್ನು ಈಗ ಒಂದು ಸಮಿತಿ ಹೊತ್ತಿದೆ.

ಕರಾವಳಿಯಲ್ಲೂ ಮೇಳಗಳನ್ನು ಬದುಕಿಸಿದ್ದು ಹಲವು ಕೈಗಳು. ಕಟೀಲಿನಂಥ ಕ್ಷೇತ್ರದ ಮೇಳಗಳಿಗೆ ಭಕ್ತರು ಹರಕೆ ಆಟ ಹೇಳಿಕೊಂಡು ಸರದಿಗಾಗಿ ವರ್ಷಗಟ್ಟಲೆ ಕಾಯುತ್ತಾರೆ. ಡೇರೆ ಮೇಳಗಳು ಟಿಕೀಟನ್ನು ನಂಬಿದವು. ಕರ್ಕಿಗೆ ಹತ್ತಿರದ ಗುಣವಂತೆಯಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮಹಾಗಣಪತಿ ಮಂಡಳಿ ಇಂದಿಗೂ ಕುಣಿಯುತ್ತಿದೆ. ಉಡುಪಿಯಲ್ಲಿ ಶಿವರಾಮ ಕಾರಂತರು ಯಕ್ಷಗಾನ ಬ್ಯಾಲೆಯ ಪ್ರಯೋಗ ನಡೆಸಿದಾಗ ಒಂದು ಕಾಲೇಜು ಆಸರೆಯಾಯಿತು. ಆದರೆ ಬಿದ್ದು ಸೊಂಟ ಮುರಿದ ವೇಷಧಾರಿಯ ಆಸ್ಪತ್ರೆ ಖರ್ಚು, ಗೆಜ್ಜೆ ಬಿಚ್ಚಿದ ಮುದುಕನ ಸೋರುವ ಮನೆ, ಇವು ಬಹುಕಾಲ ಯಾರ ಲೆಕ್ಕಕ್ಕೂ ಸೇರಲಿಲ್ಲ. ಭಾಗವತ ಪಟ್ಲ ಸತೀಶ ಶೆಟ್ಟರು 2015ರಲ್ಲಿ ಆರಂಭಿಸಿದ ಯಕ್ಷಧ್ರುವ ಪಟ್ಲ ಫೌಂಡೇಶನ್ ಟ್ರಸ್ಟ್ ಈ ಕೊರತೆಗೆ ಕೈ ಹಾಕಿತು. ಮಂಗಳೂರು, ಮುಂಬಯಿ, ಕೊಲ್ಲಿ ದೇಶಗಳ ಅಭಿಮಾನಿಗಳಿಂದ ದೇಣಿಗೆ ಕೂಡಿಸಿ ಕಲಾವಿದರ ಚಿಕಿತ್ಸೆಗೆ, ಮನೆಗೆ ನೆರವಾಗುತ್ತಿದೆ. ಆಟಕ್ಕೆ ಕೊಡುವವರು ಮೊದಲೂ ಇದ್ದರು, ಆಡುವವನಿಗೆ ಕೊಡುವುದನ್ನು ಇಂಥ ಸಂಸ್ಥೆಗಳು ಕಲಿಸುತ್ತಿವೆ.

ಗಡಿಯ ಈಚೆಗೂ ಆಚೆಗೂ ಇರುವ ಕನ್ನಡ ಸಂಘಗಳಿಗೆ ನನ್ನದೊಂದು ವಿನಂತಿ. ಮುಂದಿನ ನವೆಂಬರ್ 5ಕ್ಕೆ ಉತ್ತರ ಕನ್ನಡದ ಒಂದು ಮೇಳವನ್ನು ಸಾಂಗ್ಲಿಗೆ ಕರೆಸೋಣ. ಹೋಗಿ ಬರುವ ಖರ್ಚನ್ನೂ ಕಲಾವಿದರ ಸಂಭಾವನೆಯನ್ನೂ ನಾವೇ ವಂತಿಗೆ ಎತ್ತಿ ಭರಿಸೋಣ. ಭಾವೆ ನಾಟ್ಯಮಂದಿರದಲ್ಲಿ ಒಂದು ರಾತ್ರಿ ಕನ್ನಡದಲ್ಲೇ ಸೀತಾ ಸ್ವಯಂವರದ ಆಟವಾಗಲಿ. ಸಮಿತಿಯವರನ್ನು ಈಗಲೇ ಕೇಳಿಕೊಳ್ಳಿ.