ಘಟ್ಟದ ದಾರಿ ಮತ್ತು ಲಾರಿ ಚಾಲಕನ ಲೆಕ್ಕ

ಭೂಪಟದ ಮೇಲೆ ಎರಡು ಊರುಗಳ ನಡುವಣ ದೂರವನ್ನು ಅಳೆಯುವುದು ಸುಲಭ. ದಾರವೊಂದನ್ನು ರಸ್ತೆಯ ಗೆರೆಯ ಮೇಲಿರಿಸಿ, ಅದರ ಉದ್ದವನ್ನು ಅಳತೆಪಟ್ಟಿಗೆ ಹಿಡಿದರೆ ಉತ್ತರ ದೊರೆಯುತ್ತದೆ. ಆದರೆ ಇಪ್ಪತ್ತೆಂಟು ಟನ್ ತೂಕದ ವಾಹನವನ್ನು ಆ ಗೆರೆಯ ಮೇಲೆ ನಡೆಸಬೇಕಾದವನಿಗೆ ಈ ಉತ್ತರದಿಂದ ಹೆಚ್ಚಿನ ಪ್ರಯೋಜನವಿಲ್ಲ. ಅವನ ಪಾಲಿಗೆ ದೂರವೆಂಬುದು ಏರು, ಇಳಿತ, ಮಳೆ, ಸರ್ಕಾರದ ಆಜ್ಞೆ, ನಿದ್ರೆ ಇವೆಲ್ಲ ಸೇರಿ ಆಗುವ ಮೊತ್ತ. ಈ ಮೊತ್ತವನ್ನು ಅವನು ಹೇಗೆ ಕಟ್ಟುತ್ತಾನೆ, ಲೆಕ್ಕ ತಪ್ಪಿದಾಗ ನಷ್ಟವನ್ನು ಯಾರು ಹೊರುತ್ತಾರೆ ಎಂಬುದನ್ನು, ಮುಖ್ಯವಾಗಿ ಮಂಗಳೂರು-ಬೆಂಗಳೂರು ನಡುವಣ ಸರಕು ಸಾಗಣೆಯನ್ನು ನಿದರ್ಶನವಾಗಿಟ್ಟುಕೊಂಡು ವಿವೇಚಿಸುವುದು ಈ ಲೇಖನದ ಉದ್ದೇಶ.

ಕರಾವಳಿಗೂ ಪ್ರಸ್ಥಭೂಮಿಗೂ ನಡುವೆ ಪಶ್ಚಿಮ ಘಟ್ಟಗಳು ಗೋಡೆಯಂತೆ ನಿಂತಿವೆ. 1974ರಲ್ಲಿ ನವಮಂಗಳೂರು ಬಂದರು ಕಾರ್ಯಾರಂಭ ಮಾಡಿದ ಮೇಲೆ ಈ ಗೋಡೆಯನ್ನು ದಾಟಬೇಕಾದ ಸರಕಿನ ಪ್ರಮಾಣ ಬಹಳ ಹೆಚ್ಚಿತು. ತೈಲ, ಅಡುಗೆ ಅನಿಲ, ಗೊಬ್ಬರ ಮುಂತಾದವು ಮೇಲಕ್ಕೆ ಏರುತ್ತವೆ. ಕಾಫಿ ಮೊದಲಾದವು ಕೆಳಕ್ಕೆ ಇಳಿಯುತ್ತವೆ. ದಾಟಲು ದಾರಿಗಳು ಹಲವು ಇರುವಂತೆ ತೋರಿದರೂ ಭಾರವಾದ ಲಾರಿಗೆ ಅವು ಹಲವಲ್ಲ. ಹದಿನಾಲ್ಕು ಹಿಮ್ಮುರಿ ತಿರುವುಗಳ ಆಗುಂಬೆ ಘಟ್ಟ ಅದಕ್ಕೆ ದಾರಿಯೇ ಅಲ್ಲ. ಚಾರ್ಮಾಡಿಯ ತಿರುವುಗಳು ಇಕ್ಕಟ್ಟಾದುವು; ಉದ್ದವಾದ ಬಹುಚಕ್ರದ ಲಾರಿ ಅಲ್ಲಿ ಒಂದೇ ಸಲಕ್ಕೆ ತಿರುಗಲಾರದು. 2019ರ ಆಗಸ್ಟಿನಲ್ಲಿ ಅಲ್ಲಿ ಭೂಕುಸಿತಗಳಾದ ಮೇಲೆ ಭಾರವಾಹನಗಳ ಸಂಚಾರವನ್ನೇ ನಿಷೇಧಿಸಲಾಯಿತು. ಹೀಗೆ ಉಳಿಯುವ ಮುಖ್ಯ ದಾರಿಗಳು ಎರಡು: ಉಪ್ಪಿನಂಗಡಿ, ಗುಂಡ್ಯ, ಸಕಲೇಶಪುರ, ಹಾಸನಗಳ ಮೂಲಕ ಹೋಗುವ ಶಿರಾಡಿಯ ದಾರಿ, ಸುಳ್ಯ, ಸಂಪಾಜೆ, ಮಡಿಕೇರಿ, ಮೈಸೂರುಗಳ ಮೂಲಕ ಹೋಗುವ ದಾರಿ. ಮೊದಲನೆಯದು ಸುಮಾರು 350 ಕಿಲೋಮೀಟರು, ಎರಡನೆಯದು ಸುಮಾರು 400. ಆದ್ದರಿಂದ ಶಿರಾಡಿಯು ತೆರೆದಿರುವ ದಿನ ನಿರ್ಧಾರದ ಪ್ರಶ್ನೆಯೇ ಏಳುವುದಿಲ್ಲವೆಂದು ಮೇಲುನೋಟಕ್ಕೆ ಅನ್ನಿಸಬಹುದು. ವಾಸ್ತವವಾಗಿ ಪ್ರಶ್ನೆ ಅಲ್ಲಿಂದಲೇ ಆರಂಭವಾಗುತ್ತದೆ.

ಮೊದಲು ಏರಿಳಿತದ ಲೆಕ್ಕವನ್ನು ನೋಡೋಣ. 2018ರಲ್ಲಿ ಕೇಂದ್ರ ಸರ್ಕಾರವು ಲಾರಿಗಳ ಭಾರಮಿತಿಯನ್ನು ಏರಿಸಿತು. ಮೂರು ಅಚ್ಚುಗಳ ಲಾರಿಯ ಒಟ್ಟು ತೂಕ 25 ಟನ್‌ನಿಂದ 28.5 ಟನ್‌ಗೆ ಹೋಯಿತು. 28 ಟನ್ ತೂಕದ ಲಾರಿಯೊಂದು 700 ಮೀಟರು ಎತ್ತರವನ್ನು ಏರುವುದೆಂದು ಭಾವಿಸೋಣ. ಆ ಭಾರವನ್ನು ಮೇಲೆತ್ತಲು ಬೇಕಾಗುವ ಶಕ್ತಿ ಸುಮಾರು ಐದು ಲೀಟರು ಡೀಸಲಿನಲ್ಲಿ ಅಡಗಿದೆ. ಆದರೆ ಎಂಜಿನು ಇಂಧನದ ಶಕ್ತಿಯಲ್ಲಿ ಅರ್ಧಕ್ಕಿಂತ ಕಡಮೆ ಭಾಗವನ್ನು ಮಾತ್ರ ಚಕ್ರಕ್ಕೆ ಒದಗಿಸುವುದರಿಂದ, ಏರಿನ ಸಲುವಾಗಿಯೇ ಹದಿಮೂರು ಹದಿನಾಲ್ಕು ಲೀಟರು ವ್ಯಯವಾಗುತ್ತದೆ. ಇಳಿಯುವಾಗ ಅದೇ ಐದು ಲೀಟರಿನಷ್ಟು ಶಕ್ತಿ ಎಲ್ಲಿಯಾದರೂ ಹೋಗಲೇಬೇಕಷ್ಟೆ. ಅದನ್ನೆಲ್ಲ ಬ್ರೇಕುಗಳೇ ನುಂಗಬೇಕಾದರೆ ಅವು ಕಾದು ಹಿಡಿತ ಕಳೆದುಕೊಳ್ಳುತ್ತವೆ. ಆದಕಾರಣ ಯಾವ ಗೇರಿನಲ್ಲಿ ಏರಬೇಕೋ ಅದೇ ಗೇರಿನಲ್ಲಿ ಇಳಿಯಬೇಕೆಂಬುದು ಚಾಲಕರ ಹಳೆಯ ಸೂತ್ರ. ಆಗ ಎಂಜಿನೇ ವಾಹನವನ್ನು ಹಿಡಿದೆಳೆಯುತ್ತದೆ. ಈ ಸೂತ್ರವನ್ನು ಅರಿಯದ ಚಾಲಕನಿಲ್ಲ. ಆದರೂ ಗೇರನ್ನು ಬಿಡಿಸಿ ಲಾರಿಯನ್ನು ಇಳಿಜಾರಿಗೆ ಒಪ್ಪಿಸುವವರು ಏಕಿದ್ದಾರೆ? ಅನೇಕ ಕಡೆ ಪ್ರಯಾಣದ ವೆಚ್ಚಕ್ಕೆಂದು ಮಾಲೀಕನು ಗೊತ್ತಾದ ಮೊತ್ತವನ್ನು ಮುಂಗಡವಾಗಿ ಕೊಡುವುದು ವಾಡಿಕೆ; ಅದರಲ್ಲಿ ಡೀಸಲಿನಿಂದ ಉಳಿದದ್ದು ಚಾಲಕನದು. ಅಲ್ಪವಾದ ಸಂಬಳಕ್ಕೆ ಈ ಉಳಿತಾಯವೇ ಪೂರಕ. ಹೀಗಾಗಿ ಇಳಿಜಾರಿನಲ್ಲಿ ಅಜಾಗರೂಕತೆಯೆಂದು ನಾವು ಕರೆಯುವುದರ ಬೇರು ಕೆಲವು ವೇಳೆ ಕೂಲಿಯ ವ್ಯವಸ್ಥೆಯಲ್ಲಿರುತ್ತದೆ.

ಎರಡನೆಯದು ಮಳೆಯ ಲೆಕ್ಕ. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಘಟ್ಟದ ದಾರಿ ಯಾವ ದಿನ ಮುಚ್ಚುವುದೆಂದು ಹೇಳುವಂತಿಲ್ಲ. 2018ರ ಆಗಸ್ಟಿನಲ್ಲಿ ಶಿರಾಡಿಯಲ್ಲಿಯೂ ಮಡಿಕೇರಿ-ಸಂಪಾಜೆಗಳ ನಡುವೆಯೂ ಗುಡ್ಡಗಳು ಕುಸಿದು, ಎರಡು ಮುಖ್ಯ ದಾರಿಗಳೂ ಒಟ್ಟಿಗೆ ನಿಂತುಹೋದವು. ಅದೇ ವರ್ಷ ಕಾಂಕ್ರೀಟು ಹಾಸುವ ಕೆಲಸಕ್ಕಾಗಿ ತಿಂಗಳುಗಟ್ಟಲೆ ಮುಚ್ಚಿದ್ದ ಶಿರಾಡಿಯ ದಾರಿ ತೆರೆದು ಬಹಳ ದಿನಗಳಾಗಿರಲಿಲ್ಲ. 2024ರ ಜುಲೈಯಲ್ಲಿ ಸಕಲೇಶಪುರದ ಸಮೀಪದ ದೊಡ್ಡತಪ್ಪಲೆಯಲ್ಲಿ ಮತ್ತೆ ಮಣ್ಣು ಕುಸಿಯಿತು. ಇಂತಹ ಕಾಲದಲ್ಲಿ ಚಾಲಕನ ಮುಂದಿರುವ ಪ್ರಶ್ನೆ ಯಾವ ದಾರಿ ಹತ್ತಿರವೆಂಬುದಲ್ಲ. ಯಾವ ಊರನ್ನು ದಾಟಿದ ಮೇಲೆ ಹಿಂದಿರುಗುವುದು ಅಸಾಧ್ಯ ಎಂಬುದು. ಗುಂಡ್ಯವನ್ನು ದಾಟಿ ಸಾಲಿನಲ್ಲಿ ಸಿಕ್ಕಿಕೊಂಡ ಉದ್ದನೆಯ ಲಾರಿಗೆ ಹಿಂದಕ್ಕೆ ತಿರುಗಲು ಎಡೆಯಿರುವುದಿಲ್ಲ. ಆದ್ದರಿಂದ ಅವನು ಉಪ್ಪಿನಂಗಡಿಯಲ್ಲಿಯೇ ನಿಲ್ಲುತ್ತಾನೆ, ಘಟ್ಟವಿಳಿದು ಬಂದವರನ್ನು ವಿಚಾರಿಸುತ್ತಾನೆ, ಮುಂದೆ ಹೋಗಿರುವ ಜೊತೆಗಾರರಿಗೆ ಕರೆಮಾಡುತ್ತಾನೆ. ಕೈಯಲ್ಲಿರುವ ದೂರವಾಣಿಯ ನಕ್ಷೆ ದಟ್ಟಣೆಯನ್ನು ತೋರಿಸಬಲ್ಲುದು. ತನ್ನ ಬೆನ್ನ ಮೇಲೆ ಎಷ್ಟು ಭಾರವಿದೆ, ತಿರುವಿನಲ್ಲಿ ಎಷ್ಟು ಅಗಲ ಬೇಕು ಎಂಬುದು ಅದಕ್ಕೆ ತಿಳಿಯದು. ಎದುರಿನಿಂದ ಬಂದ ಚಾಲಕನ ಮಾತಿಗೆ ಇಂದಿಗೂ ಬೆಲೆ ತಗ್ಗದಿರುವುದಕ್ಕೆ ಇದೇ ಕಾರಣ.

ಮೂರನೆಯದು ಗಡಿಯಾರದ ಲೆಕ್ಕ. ಮಳೆಯಿಲ್ಲದಾಗಲೂ ದಾರಿಗಳು ಆಜ್ಞೆಯಿಂದ ಮುಚ್ಚುವುದುಂಟು. ಮೈಸೂರಿನಿಂದ ಗುಂಡ್ಲುಪೇಟೆಯ ಮಾರ್ಗವಾಗಿ ಕೇರಳಕ್ಕೆ ಹೋಗುವ ಹೆದ್ದಾರಿಯ ನಿದರ್ಶನ ಇಲ್ಲಿ ಉಚಿತವಾದುದು. ವನ್ಯಮೃಗಗಳ ರಕ್ಷಣೆಗಾಗಿ 2009ರಲ್ಲಿ ಬಂಡೀಪುರ ಅರಣ್ಯದೊಳಗೆ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಸಂಚಾರ ನಿಷೇಧವಾಯಿತು. ಗುಂಡ್ಲುಪೇಟೆಯನ್ನು ಹತ್ತು ನಿಮಿಷ ತಡವಾಗಿ ಮುಟ್ಟಿದ ಲಾರಿ ಒಂಬತ್ತು ಗಂಟೆಯಷ್ಟು ಹಿಂದೆ ಬೀಳಬಹುದು. ಅದನ್ನು ತಪ್ಪಿಸಬೇಕೆಂದರೆ ಮೈಸೂರಿನಲ್ಲಿಯೇ ನಿರ್ಧರಿಸಿ ಹುಣಸೂರು, ಗೋಣಿಕೊಪ್ಪಗಳ ಕಡೆಗೆ ತಿರುಗಬೇಕು. ಬೆಂಗಳೂರಿಗೆ ಬರುವವನಿಗೂ ಇಂತಹದೇ ತೊಡಕು: ದಟ್ಟಣೆಯ ಹೊತ್ತಿನಲ್ಲಿ ಭಾರವಾಹನಗಳಿಗೆ ನಗರ ಪ್ರವೇಶವಿಲ್ಲ. ಆದ್ದರಿಂದ ಮಂಗಳೂರನ್ನು ಬಿಡುವ ಹೊತ್ತನ್ನು ಬೆಂಗಳೂರಿನ ಹೊರವಲಯದಿಂದ ಹಿಮ್ಮುಖವಾಗಿ ಎಣಿಸುತ್ತಾರೆ. ಇದರ ಮೇಲೆ ಸರಕಿನ ವಿದ್ಯುನ್ಮಾನ ರಹದಾರಿಯ ಅವಧಿಯಿದೆ. 2018ರಲ್ಲಿ ಇದು ಜಾರಿಗೆ ಬಂದಾಗ ಸಾಮಾನ್ಯ ಸರಕಿಗೆ 100 ಕಿಲೋಮೀಟರಿಗೆ ಒಂದು ದಿನವಿತ್ತು. 2021ರ ಆರಂಭದಿಂದ 200 ಕಿಲೋಮೀಟರಿಗೆ ಒಂದು ದಿನವಾಯಿತು. ರಾಜ್ಯಗಳ ಗಡಿಯ ತೆರಿಗೆ ತನಿಖಾ ಠಾಣೆಗಳು 2017ರಲ್ಲಿ ಎದ್ದುಹೋದಾಗ ಚಾಲಕನಿಗೆ ಉಳಿತಾಯವಾದ ಸಮಯದಲ್ಲಿ ಒಂದು ಪಾಲು ಈ ಬಿಗಿಯಾದ ಎಣಿಕೆಗೆ ಸಂದಿತೆನ್ನಬಹುದು.

ಈ ಮೂರು ಲೆಕ್ಕಗಳ ನಡುವೆ ಚಾಲಕನ ದಿನಚರಿ ರೂಪುಗೊಳ್ಳುತ್ತದೆ. ಅವನ ದಿನಕ್ಕೆ ಸೂರ್ಯೋದಯ ಸೂರ್ಯಾಸ್ತಗಳ ಕಟ್ಟಿಲ್ಲ. ಬೇಸಗೆಯಲ್ಲಿ ಟೈರು ಕಾಯದಿರಲೆಂದು ರಾತ್ರಿಯಲ್ಲಿ ನಡೆಸುವುದು, ಹಗಲಿನಲ್ಲಿ ಮರದ ನೆರಳಿನಲ್ಲಿ ಮಲಗುವುದು. ಮಲಗುವ ಸ್ಥಳ ಆಸನದ ಹಿಂದಿನ ಹಲಗೆ, ಇಲ್ಲವೆ ಲಾರಿಯ ಅಡಿಯ ನೆಲ. ಸ್ನಾನ ಪೆಟ್ರೋಲ್ ಬಂಕಿನ ತೊಟ್ಟಿಯ ಬಳಿ. ಅಡುಗೆಯ ಒಲೆ ಲಾರಿಯಲ್ಲಿಯೇ ಇದ್ದರೆ ಅನ್ನ ಸಾರು, ಇಲ್ಲದಿದ್ದರೆ ಡಾಬಾ. ಹಿಂದೆ ತಿರುವಿನಲ್ಲಿ ಇಳಿದು ದಾರಿ ತೋರುತ್ತಿದ್ದ, ಚಕ್ರಕ್ಕೆ ಕಲ್ಲು ಕೊಡುತ್ತಿದ್ದ, ಎಲ್ಲಕ್ಕಿಂತ ಮಿಗಿಲಾಗಿ ಮಾತನಾಡಿ ಎಚ್ಚರವಾಗಿರಿಸುತ್ತಿದ್ದ ಕ್ಲೀನರು ಇಂದು ಅನೇಕ ಲಾರಿಗಳಲ್ಲಿಲ್ಲ. ಅವನೊಡನೆ ಒಂದು ಶಿಷ್ಯವೃತ್ತಿಯೂ ಕಾಣೆಯಾಗುತ್ತಿದೆ. ಘಟ್ಟದ ವಿದ್ಯೆಯನ್ನು ಹೊಸ ಚಾಲಕರು ಕಲಿಯುತ್ತಿದ್ದುದು ಆ ಎಡಗಡೆಯ ಆಸನದಲ್ಲಿ ಕುಳಿತೇ.

ಎಲ್ಲಿ ನಿಲ್ಲಬೇಕೆಂಬುದೂ ದಾರಿಯ ನಿರ್ಧಾರದ ಒಂದು ಭಾಗವೆಂಬುದನ್ನು ಮರೆಯಲಾಗದು. 2024ರ ಜುಲೈ 16ರಂದು ಅಂಕೋಲೆಯ ಬಳಿಯ ಶಿರೂರಿನಲ್ಲಿ, ಕರಾವಳಿಯ ಹೆದ್ದಾರಿಯ ಮಗ್ಗುಲಿನ ಗುಡ್ಡ ಕುಸಿದು, ರಸ್ತೆಬದಿಯ ಚಹದಂಗಡಿಯನ್ನೂ ಅಲ್ಲಿ ನಿಂತಿದ್ದ ವಾಹನಗಳನ್ನೂ ಗಂಗಾವಳಿ ನದಿಗೆ ನೂಕಿತು. ಸತ್ತವರಲ್ಲಿ ಲಾರಿ ಚಾಲಕರಿದ್ದರು. ಒಂದು ಲಾರಿಯನ್ನು, ಅದರೊಳಗಿದ್ದ ಚಾಲಕನ ದೇಹದೊಡನೆ, ನದಿಯಿಂದ ಮೇಲೆತ್ತಿದುದು ಸೆಪ್ಟೆಂಬರಿನಲ್ಲಿ. ಅವರು ಅತಿವೇಗದಿಂದ ಓಡಿಸುತ್ತಿರಲಿಲ್ಲ, ನಿದ್ದೆಗೆಟ್ಟು ಚಲಿಸುತ್ತಿರಲಿಲ್ಲ; ನಿಯಮಗಳು ಯಾವುದನ್ನು ಬಯಸುತ್ತವೆಯೋ ಅದನ್ನೇ, ಎಂದರೆ ವಿಶ್ರಾಂತಿಯನ್ನು, ಪಡೆಯಲು ನಿಂತಿದ್ದರು. ನಿಲ್ಲಲು ಸುರಕ್ಷಿತವಾದ ತಾಣವನ್ನು ಒದಗಿಸದೆ ವಿಶ್ರಾಂತಿಯನ್ನು ವಿಧಿಸಿದರೆ ಸಾಲದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಕಾಗಿಲ್ಲ.

ಇನ್ನು ಕಾನೂನಿನ ವಿಷಯ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆಯು ದಿನಕ್ಕೆ 8, ವಾರಕ್ಕೆ 48 ಗಂಟೆಗಳ ಮಿತಿಯನ್ನು ಹಾಕಿತು. ದೂರದ ಮಾರ್ಗಗಳಲ್ಲಿ ಅನುಮತಿ ಪಡೆದು ದಿನಕ್ಕೆ 10, ವಾರಕ್ಕೆ 54 ಗಂಟೆಗಳವರೆಗೆ ದುಡಿಸಬಹುದಾಗಿತ್ತು. ಐದು ಗಂಟೆಗಳ ದುಡಿಮೆಗೆ ಅರ್ಧ ಗಂಟೆಯ ಬಿಡುವು ಕಡ್ಡಾಯವಾಗಿತ್ತು. ಆದರೆ ಐವರು ಅಥವಾ ಹೆಚ್ಚು ಕಾರ್ಮಿಕರಿದ್ದ ಸಂಸ್ಥೆಗಳಿಗೆ ಅದು ಅನ್ವಯಿಸುತ್ತಿದ್ದುದರಿಂದ ಒಂದೆರಡು ಲಾರಿಗಳ ಮಾಲೀಕರು ಹೊರಗುಳಿದರು. ಇನ್ನೂ ಸೂಕ್ಷ್ಮವಾದ ಅಂಶವೊಂದಿದೆ. ಕೆಲಸದ ಗಂಟೆಗಳೆಂದರೇನು ಎಂಬುದನ್ನು ವಿವರಿಸುವಾಗ, ನಿಲ್ದಾಣಗಳಲ್ಲಿ ಸುಮ್ಮನೆ ಹಾಜರಿರುವ ಕಾಲ ಹದಿನೈದು ನಿಮಿಷಕ್ಕಿಂತ ಕಡಮೆಯಿದ್ದರೆ ಅದನ್ನು ಕೆಲಸದೊಳಗೆ ಸೇರಿಸಬೇಕೆಂದು ಆ ಕಾಯಿದೆ ಹೇಳಿತು. ಅದಕ್ಕಿಂತ ದೀರ್ಘವಾದ ಕಾಯುವಿಕೆ ಆ ಪಟ್ಟಿಯಲ್ಲಿ ಕಾಣಿಸಿಕೊಳ್ಳಲಿಲ್ಲ. ಸರಕು ತುಂಬುವ ಸರದಿಗಾಗಿ, ಇಳಿಸುವ ಕೂಲಿಗಳಿಗಾಗಿ, ಘಟ್ಟ ತೆರೆಯುವುದಕ್ಕಾಗಿ, ನಗರದ ಬಾಗಿಲಿಗಾಗಿ ಕಾಯುವ ಕಾಲ ಗಂಟೆಗಳ ಲೆಕ್ಕದ್ದು, ಕೆಲವೊಮ್ಮೆ ದಿನಗಳ ಲೆಕ್ಕದ್ದು. 2025ರ ನವೆಂಬರಿನಲ್ಲಿ ಹೊಸ ಕಾರ್ಮಿಕ ಸಂಹಿತೆ ಈ ಕಾಯಿದೆಯ ಸ್ಥಾನಕ್ಕೆ ಬಂದಿತು. ಕಾಯುವಿಕೆಯನ್ನು ದುಡಿಮೆಯೆಂದು ಎಣಿಸಬೇಕೆ ಎಂಬ ಪ್ರಶ್ನೆ ಕಾಯಿದೆಯೊಡನೆ ಹಳೆಯದಾಗಿಲ್ಲ.

ಮೇಲಿನ ವಿವೇಚನೆಯಿಂದ ಹೊರಡುವ ನಿರ್ಣಯ ಸರಳವಾದುದು. ಮಳೆಯ, ಇಳಿಜಾರಿನ, ಆಜ್ಞೆಯ ಅನಿಶ್ಚಯವೆಲ್ಲ ಕೊನೆಗೆ ಒಬ್ಬನ ತೀರ್ಮಾನದಲ್ಲಿ ಬಂದು ನಿಲ್ಲುತ್ತದೆ. ತಪ್ಪಿದರೆ ಅವನ ನಿದ್ರೆಯಿಂದ ಆ ಸಾಲ ತೀರುತ್ತದೆ. ಗುಂಡ್ಯದಲ್ಲಿ ಆರು ಗಂಟೆ ಕಾದ ಚಾಲಕನು ಆ ಆರು ಗಂಟೆಗಳನ್ನು ಹಾಸನದಿಂದಾಚೆ, ನಸುಕಿನಲ್ಲಿ, ನೇರವಾದ ರಸ್ತೆಯಲ್ಲಿ ಮರಳಿ ಗಳಿಸಲು ಯತ್ನಿಸುತ್ತಾನೆ. ಅಪಘಾತ ನಡೆಯುವುದು ಆ ನೇರ ರಸ್ತೆಯಲ್ಲಿಯಾದರೂ ಅದರ ಕಾರಣ ಘಟ್ಟದ ಬುಡದಲ್ಲಿಯೇ ಉಳಿದಿರುತ್ತದೆ. ದಾರಿ ತೆರೆದಿದೆಯೇ ಎಂಬ ಸಮಾಚಾರವನ್ನು ಗುಂಡ್ಯದ ಬದಲು ಮಂಗಳೂರಿನಲ್ಲಿಯೇ ತಿಳಿಸುವುದು, ಘಟ್ಟದ ಎರಡು ತುದಿಗಳಲ್ಲಿಯೂ ಗುಡ್ಡದಿಂದ ದೂರವಾದ ತಂಗುದಾಣವನ್ನು ನಿರ್ಮಿಸುವುದು, ಕಾಯ್ದ ಗಂಟೆಗೆ ಕೂಲಿ ಕೊಡುವುದು, ಈ ಮೂರೂ ದೊಡ್ಡ ಸುಧಾರಣೆಗಳಲ್ಲ. ಆದರೆ ಇವು ನೆರವೇರಿದರೆ ಚಾಲಕನು ದಾರಿಯನ್ನು ಆರಿಸುವಾಗ ತನ್ನ ನಿದ್ರೆಯನ್ನು ಪಣಕ್ಕಿಡಬೇಕಾಗುವುದಿಲ್ಲ.