ಜನಪ್ರಿಯತೆಯ ಆಧಾರಗಳು: ಬ್ರೆಜಿಲಿನ ಸಾಕ್ರಟೀಸ್ ಮತ್ತು ಅವನ ಸಮಕಾಲೀನರು

ಒಬ್ಬ ಆಟಗಾರನು ಜನಪ್ರಿಯನಾಗಿದ್ದನೆಂದು ಹೇಳುವುದು ಸುಲಭ. ಆ ಜನಪ್ರೀತಿಯು ಯಾವುದನ್ನು ಆಶ್ರಯಿಸಿತ್ತೆಂದು ನಿರ್ಣಯಿಸುವುದು ಕಷ್ಟ. 1982ರ ವಿಶ್ವಕಪ್ ಕಾಲ್ಚೆಂಡಾಟದಲ್ಲಿ ಬ್ರೆಜಿಲ್ ತಂಡದ ಮಧ್ಯಪಂಕ್ತಿಯಲ್ಲಿದ್ದ ಜೀಕೋ, ಫಾಲ್ಕಾವೊ, ಸಾಕ್ರಟೀಸ್ ಎಂಬ ಮೂವರನ್ನು ಹೋಲಿಸಿ ಈ ವಿಷಯವನ್ನು ಇಲ್ಲಿ ವಿವೇಚಿಸುತ್ತೇವೆ. ಆ ವರ್ಷದ ಜುಲೈ 5ರಂದು ಅವರ ತಂಡವು ಇಟಲಿಯೆದುರು 3-2ರಿಂದ ಸೋತಿತು. ಮೂವರಲ್ಲಿ ಯಾರೂ ವಿಶ್ವಕಪ್ಪನ್ನು ಗೆಲ್ಲಲಿಲ್ಲ. ಆದುದರಿಂದ ಅವರ ಕೀರ್ತಿಯ ಮೂಲವನ್ನು ಬೇರೆಡೆಯಲ್ಲಿಯೇ ಅರಸಬೇಕು.

ಜೀಕೋವಿನ ಜನಪ್ರಿಯತೆಯು ಗೋಲು ಹಾಗೂ ಗೆಲುವುಗಳ ಮೇಲೆ ನಿಂತುದು. ರಿಯೋ ನಗರದ ಫ್ಲಮೆಂಗೊ ಸಂಘದ ಇತಿಹಾಸದಲ್ಲಿ ಅತ್ಯಧಿಕ ಗೋಲುಗಳನ್ನು ಗಳಿಸಿದವನು ಅವನೇ. 1981ರಲ್ಲಿ ಆ ಸಂಘವು ದಕ್ಷಿಣ ಅಮೆರಿಕದ ಪ್ರಶಸ್ತಿಯನ್ನು ಪಡೆದು, ಟೋಕಿಯೋದಲ್ಲಿ ಲಿವರ್‌ಪೂಲ್ ತಂಡವನ್ನು 3-0ರಿಂದ ಸೋಲಿಸಿತು. ಫಾಲ್ಕಾವೊವಿನ ಕೀರ್ತಿಯಾದರೋ ಪರದೇಶದಲ್ಲಿ ಬೆಳೆಯಿತು. 1983ರಲ್ಲಿ ರೋಮಾ ತಂಡವು 41 ವರ್ಷಗಳ ತರುವಾಯ ಇಟಲಿಯ ಲೀಗ್ ಪ್ರಶಸ್ತಿಯನ್ನು ಗೆದ್ದಾಗ ಆ ನಗರದ ಜನರು ಅವನನ್ನು ತಮ್ಮ ದೊರೆಯೆಂದು ಕೊಂಡಾಡಿದರು.

ಸಾಕ್ರಟೀಸನದು ಇವೆರಡಕ್ಕೂ ಭಿನ್ನವಾದ ಬಗೆ. ವೈದ್ಯಕೀಯ ಪದವೀಧರನಾಗಿದ್ದ ಈತನು ಸಾವೊ ಪೌಲೊ ನಗರದ ಕೊರಿಂಥಿಯನ್ಸ್ ಸಂಘದಲ್ಲಿ ಆಡುತ್ತಿದ್ದನು. 1964ರಿಂದ ದೇಶವು ಸೇನಾಡಳಿತಕ್ಕೆ ಒಳಗಾಗಿತ್ತು. ಅಂತಹ ಕಾಲದಲ್ಲಿ ಈ ಸಂಘದವರು ಅಭ್ಯಾಸದ ವೇಳೆ, ಪ್ರಯಾಣ, ಪಂದ್ಯದ ಮುನ್ನ ಆಟಗಾರರನ್ನು ವಸತಿಯಲ್ಲಿ ಕೂಡಿಡುವ ಪದ್ಧತಿ ಮೊದಲಾದವನ್ನು ಮತ ಹಾಕಿ ನಿರ್ಧರಿಸತೊಡಗಿದರು. ನಾಯಕನಿಗೂ ಉಡುಪುಗಳನ್ನು ನೋಡಿಕೊಳ್ಳುವ ನೌಕರನಿಗೂ ಒಂದೊಂದೇ ಮತ. 1982ರ ನವೆಂಬರ್ 15ರ ಚುನಾವಣೆಗೆ ಮುಂಚೆ, ಅಂದು ಮತ ನೀಡಿರೆಂಬ ಕರೆಯನ್ನು ಅಂಗಿಯ ಬೆನ್ನಿನ ಮೇಲೆ ಬರೆಯಿಸಿ ಆಡಿದರು.

1984ರಲ್ಲಿ ರಾಷ್ಟ್ರಾಧ್ಯಕ್ಷನನ್ನು ಜನರೇ ನೇರವಾಗಿ ಆರಿಸಬೇಕೆಂಬ ಚಳವಳಿ ನಡೆಯಿತು. ಅದಕ್ಕಾಗಿ ಮಂಡಿಸಿದ ತಿದ್ದುಪಡಿಯು ಅಂಗೀಕೃತವಾದರೆ ತಾನು ದೇಶವನ್ನು ಬಿಡುವುದಿಲ್ಲವೆಂದು ಸಾಕ್ರಟೀಸನು ಬಹಿರಂಗ ಸಭೆಯಲ್ಲಿ ಸಾರಿದನು. ಏಪ್ರಿಲ್ 25ರಂದು ತಿದ್ದುಪಡಿಗೆ 298 ಮತಗಳು ದೊರೆತವು. ಬೇಕಾಗಿದ್ದುದಕ್ಕೆ 22 ಕಡಮೆ. ಅವನು ಇಟಲಿಯ ಫಿಯೊರೆಂಟೀನ ತಂಡಕ್ಕೆ ಹೊರಟುಹೋದನು.

ಇಲ್ಲಿ ಎರಡು ಎಚ್ಚರಿಕೆಗಳು ಅವಶ್ಯ. ಒಂದನೆಯದಾಗಿ, 1982 ಮತ್ತು 1983ರಲ್ಲಿ ಕೊರಿಂಥಿಯನ್ಸ್ ಸಾವೊ ಪೌಲೊ ಪ್ರಾಂತದ ಪ್ರಶಸ್ತಿಯನ್ನು ಗೆದ್ದಿತ್ತು. ಸೋಲುತ್ತಲೇ ಇದ್ದಿದ್ದರೆ ಅಭಿಮಾನಿಗಳು ಈ ಪ್ರಯೋಗವನ್ನು ಅಷ್ಟು ಸಹನೆಯಿಂದ ಕಾಣುತ್ತಿದ್ದರೆಂದು ನಾವು ನಂಬಲಾರೆವು. ಎರಡನೆಯದಾಗಿ, ಸೇನಾಡಳಿತವು 1985ರಲ್ಲಿ ಕೊನೆಗೊಂಡುದು ಆಟಗಾರರಿಂದಲ್ಲ. ಜನರು ಅಧ್ಯಕ್ಷನನ್ನು ನೇರವಾಗಿ ಆರಿಸಿದುದು 1989ರಲ್ಲಿ. ಇವನ್ನು ಮರೆತರೆ ಇತಿಹಾಸವು ಸ್ತೋತ್ರವಾದೀತು.

ಇಷ್ಟಾದರೂ ವ್ಯತ್ಯಾಸವೊಂದು ಉಳಿಯುತ್ತದೆ. ಜೀಕೋ, ಫಾಲ್ಕಾವೊ ಇವರು ಜನಪ್ರೀತಿಯನ್ನು ಆಟದಿಂದ ಗಳಿಸಿದರು. ಸಾಕ್ರಟೀಸನೂ ಅದನ್ನು ಆಟದಿಂದಲೇ ಗಳಿಸಿದನು. ಆದರೆ ಗಳಿಸಿದುದನ್ನು ಸಾರ್ವಜನಿಕ ಕಾರ್ಯವೊಂದರಲ್ಲಿ ಪಣಕ್ಕಿಟ್ಟನು. 2011ರ ಡಿಸೆಂಬರ್ 4ರಂದು ಅವನು ತೀರಿಕೊಂಡ ದಿನ, ಕೊರಿಂಥಿಯನ್ಸ್ ಆಟಗಾರರು ಅಂಗಣದ ನಡುವೆ ಅವನಂತೆಯೇ ಮುಷ್ಟಿಯನ್ನು ಎತ್ತಿ ನಿಂತರು. ಅಂದು ಅವರು ರಾಷ್ಟ್ರೀಯ ಪ್ರಶಸ್ತಿಯನ್ನೂ ಪಡೆದರು. ಗೋಲುಗಳ ಪಟ್ಟಿಯಿಂದ ಮಾತ್ರ ಜನಪ್ರಿಯತೆಯನ್ನು ಅಳೆಯುವವರಿಗೆ ಆ ಮುಷ್ಟಿಯ ಅರ್ಥವು ತಿಳಿಯದು.