ಹಿಟ್ಟಿನ ಡಬ್ಬಕ್ಕೆ ಚೆಕ್‌ಪೋಸ್ಟ್ ಹಾಕುವವರು ಯಾರು?

ಮದ್ದೂರು ಎಂದ ಕೂಡಲೇ ವಡೆ ನೆನೆಸಿಕೊಂಡು ಬಾಯಲ್ಲಿ ನೀರೂರಿಸುವವರೇ ಬಹಳ. ಆ ವಡೆಯ ಮದ್ದೂರು ಮಂಡ್ಯ ಜಿಲ್ಲೆಯದು. ಇದು ಗುಂಡ್ಲುಪೇಟೆ ತಾಲ್ಲೂಕಿನ ಮದ್ದೂರು. ಇಲ್ಲಿ ಹೆಸರಾಗಿರುವುದು ವಡೆಯಲ್ಲ, ಚೆಕ್‌ಪೋಸ್ಟು. 2009ರಲ್ಲಿ ಬಂಡೀಪುರ ಕಾಡಿನ ರಸ್ತೆಗೆ ರಾತ್ರಿ ಸಂಚಾರ ನಿಷೇಧ ಬಂದ ಮೇಲೆ, ರಾತ್ರಿ 9 ಗಂಟೆ ಹೊಡೆಯಿತೆಂದರೆ ಸುಲ್ತಾನ್ ಬತ್ತೇರಿ ಕಡೆಗೆ ಹೊರಟ ಲಾರಿ ಕಾರುಗಳಿಗೆ ಇಲ್ಲೇ ಠಿಕಾಣಿ. ಗೇಟು ಎತ್ತುವುದು ಬೆಳಿಗ್ಗೆ 6ಕ್ಕೆ. ಲೆಕ್ಕದ ಕೆಲವು ಸರ್ಕಾರಿ ಬಸ್ಸು, ಆಂಬುಲೆನ್ಸ್ ಬಿಟ್ಟರೆ ಮಿಕ್ಕವರಿಗೆ ದಾರಿಯಿಲ್ಲ.

ಆದರೆ ಯಾವ ಗೇಟಿಗೂ ಜಗ್ಗದೆ ಹಗಲೂ ರಾತ್ರಿ ಮನೆಮನೆಯೊಳಗೆ ಸಂಚಾರ ನಡೆಸಿರುವವನು ಒಬ್ಬನಿದ್ದಾನೆ. ಅವನಿಗೆ ಪರ್ಮಿಟ್ ಬೇಡ, ಚಾರ್ಜ್ ಬೇಡ. ಅವನೇ ಹಿಟ್ಟಿನ ಹುಳು!

ಹೊಲಕ್ಕೆ ಆನೆ, ಡಬ್ಬಕ್ಕೆ ಹುಳ

ಕಾಡಂಚಿನ ರೈತನ ಪಾಡು ಗೊತ್ತಿರುವುದೇ. ರಾಗಿ ತೆನೆ ಬಲಿಯುವ ಹೊತ್ತಿಗೆ ಆನೆ ಬರುತ್ತದೆ, ಹಂದಿ ಬರುತ್ತದೆ. ಅಟ್ಟಣೆ ಮೇಲೆ ಕೂತು, ತಮಟೆ ಬಡಿದು, ನಿದ್ದೆಗೆಟ್ಟು ಕಾಯಬೇಕು. ಹಾಗೆ ಕಾದು ಉಳಿಸಿದ ರಾಗಿ ಮಿಲ್ಲಿಗೆ ಹೋಗಿ ಹಿಟ್ಟಾಗಿ ಮನೆಗೆ ಬಂತು ಅನ್ನಿ. ತಿಂಗಳು ಕಳೆದು ಮುಚ್ಚಳ ತೆಗೆದರೆ ಒಳಗೆ ಸರಸರ ಹರಿದಾಟ. ಹಿಟ್ಟು ಗಂಟುಗಂಟು, ಮೂಗಿಗೆ ಕಮಟು ವಾಸನೆ. ಆನೆಯಿಂದ ಉಳಿದದ್ದು ಅಕ್ಕಿಕಾಳಿಗಿಂತ ಚಿಕ್ಕ ಹುಳದ ಪಾಲು!

“ಹಿಟ್ಟೆಲ್ಲ ಹುಳ ಬಿದ್ದೋಗದ ಕನಕ್ಕ, ಏನ್ ಮಾಡದು?” ಮಳೆಗಾಲ ಬಂತೆಂದರೆ ಹಿಟ್ಟಿನ ಮಿಲ್ಲಿನ ಮುಂದೆ ಸಾಲು ನಿಂತವರ ಬಾಯಲ್ಲಿ ಇದೇ ಮಾತು. ಕೂಲಿ ಮಾಡಿ ಉಣ್ಣುವ ಮನೆಯಲ್ಲಿ ನಾಲ್ಕು ಕೆ.ಜಿ. ಹಿಟ್ಟು ತಿಪ್ಪೆಗೆ ಹೋಯಿತೆಂದರೆ ಅದು ಸಣ್ಣ ನಷ್ಟವಲ್ಲ. ರಾಗಿಯ ದುಡ್ಡು, ಮಿಲ್ಲಿನ ಕೂಲಿ, ಬಸ್ ಚಾರ್ಜು, ಅರ್ಧ ದಿನದ ಕೆಲಸ ಎಲ್ಲಾ ಕೂಡಿದರೆ ಲೆಕ್ಕ ದೊಡ್ಡದೇ ಆಗುತ್ತದೆ.

ರಾಗಿ ಗಟ್ಟಿ, ಹಿಟ್ಟು ಮೆತ್ತಗೆ

ವಿಚಿತ್ರವೆಂದರೆ ರಾಗಿಗೇ ಹುಳದ ಕಾಟ ಬಹಳ ಕಡಿಮೆ. ಕಾಳು ಸಣ್ಣದು, ಸಿಪ್ಪೆ ಗಟ್ಟಿ. ಹುಳು ಒಳಗೆ ಮನೆ ಮಾಡಲು ಜಾಗವಿಲ್ಲ. ಒಣಗಿಸಿ ಇಟ್ಟ ರಾಗಿ ವರ್ಷಗಟ್ಟಲೆ ಕೆಡುವುದಿಲ್ಲ. ಅದಕ್ಕೇ ಹಿಂದಿನವರು ನೆಲದಲ್ಲಿ ಹಗೇವು ತೋಡಿ, ರಾಗಿ ತುಂಬಿ, ಬಾಯಿ ಮುಚ್ಚಿ, ಬರಗಾಲಕ್ಕೆಂದು ಇಡುತ್ತಿದ್ದರು. ಒಳಗಿನ ಒಳ್ಳೆ ಗಾಳಿ ತೀರಿ ಹುಳುಗಳೂ ಸಾಯುತ್ತಿದ್ದವು. ಹಗೇವು ತೆಗೆದ ದಿನ ಮನುಷ್ಯ ಒಮ್ಮೆಗೇ ಇಳಿಯುವಂತಿಲ್ಲ. ಮೊದಲು ದೀಪ ಇಳಿಬಿಟ್ಟು ನೋಡುವುದು, ದೀಪ ಆರಿದರೆ ಕಾಯುವುದು. ಇದು ಹಳ್ಳಿಯ ಹಿರಿಯರೆಲ್ಲ ಬಲ್ಲ ಸಂಗತಿ.

ಆದರೆ ಬೀಸಿದ ಮೇಲೆ ಕಥೆಯೇ ಬೇರೆ. ಸಿಪ್ಪೆಯ ಕೋಟೆ ಒಡೆಯಿತು, ಹುಳುವಿಗೆ ಹಬ್ಬವಾಯಿತು. ನಮ್ಮ ಕಡೆ ಹೆಚ್ಚಾಗಿ ಕಾಣುವುದು ಕೆಂಪುಮಿಶ್ರಿತ ಕಂದು ಬಣ್ಣದ, ಮೂರು ನಾಲ್ಕು ಮಿಲಿಮೀಟರ್ ಉದ್ದದ ಕೆಂಪು ಹಿಟ್ಟಿನ ಹುಳು. ವಿಜ್ಞಾನಿಗಳು ಇದನ್ನು ‘ಟ್ರೈಬೋಲಿಯಂ’ ಎನ್ನುತ್ತಾರೆ. ಒಂದು ಹೆಣ್ಣು ಹುಳು ತನ್ನ ಜೀವಮಾನದಲ್ಲಿ 300ಕ್ಕೂ ಹೆಚ್ಚು ಮೊಟ್ಟೆ ಇಡಬಲ್ಲದು. ಮೊಟ್ಟೆಗೆ ಅಂಟು ಇರುವುದರಿಂದ ಹಿಟ್ಟು ಮೆತ್ತಿಕೊಂಡು ಕಣ್ಣಿಗೆ ಬೀಳುವುದಿಲ್ಲ. ಸೆಕೆಯ ದಿನಗಳಲ್ಲಿ ತಿಂಗಳು, ತಿಂಗಳೂವರೆಯಲ್ಲಿ ಮೊಟ್ಟೆ ಬೆಳೆದು ಹುಳವಾಗುತ್ತದೆ. ಡಬ್ಬದಲ್ಲಿ ಹುಳ ‘ತಾನಾಗಿ’ ಹುಟ್ಟುವುದಿಲ್ಲ. ಮೊಟ್ಟೆ ಎಲ್ಲಿಂದಲೋ ಬಂದು ಸೇರಿರುತ್ತದೆ.

ಎಲ್ಲಿಂದ? ಡಬ್ಬದ ಸಂದಿಯ ಹಳೇ ಹಿಟ್ಟಿನಿಂದ, ಮಿಲ್ಲಿನ ಯಂತ್ರದಲ್ಲಿ ಕೂತ ಉಳಿಕೆಯಿಂದ, ಅಂಗಡಿಯ ಗೋಣಿಚೀಲದಿಂದ. ಈ ಹುಳು ಹಾರಬಲ್ಲದು ಕೂಡ. ಹಿಟ್ಟಿನಲ್ಲಿ ಜೇಡರ ಬಲೆಯಂಥ ಎಳೆ ಕಂಡರೆ ಅದು ಈ ಹುಳುವಲ್ಲ, ಚಿಟ್ಟೆಮರಿಯ ಕೆಲಸ.

ಹದಿನೈದು ದಿನದ ಲೆಕ್ಕ

ಈಗ ಮದ್ದು ಕೇಳಿ. ಮದ್ದು ಬಲು ಸುಲಭ. ಹುಳು ಬೆಳೆಯಲು ತಿಂಗಳು ಬೇಕು ತಾನೇ? ಹಾಗಾದರೆ ಹದಿನೈದು ದಿನಕ್ಕಾಗುವಷ್ಟೇ ಬೀಸಿಸಿ. ಹುಳ ಕಣ್ಣುಬಿಡುವ ಮುಂಚೆ ಹಿಟ್ಟು ಮುದ್ದೆಯಾಗಿ ಹೊಟ್ಟೆ ಸೇರಿರುತ್ತದೆ. ಮಿಕ್ಕದ್ದು ರಾಗಿಯಾಗಿಯೇ ಇರಲಿ. ಬಸ್ ಚಾರ್ಜು ಉಳಿಸಲು ಎರಡು ತಿಂಗಳ ರಾಗಿ ಒಮ್ಮೆಗೇ ಬೀಸಿಸುವವರು ಕೊನೆಗೆ ಹಿಟ್ಟನ್ನೇ ಕಳೆದುಕೊಳ್ಳುತ್ತಾರೆ. ಅಕ್ಕಪಕ್ಕದ ಎರಡು ಮೂರು ಮನೆಯವರು ಸರದಿ ಮೇಲೆ ಮಿಲ್ಲಿಗೆ ಹೋದರೆ ಚಾರ್ಜೂ ಉಳಿದೀತು.

ಮಿಲ್ಲಿನಿಂದ ಬಂದ ಹಿಟ್ಟು ಬಿಸಿಯಾಗಿರುತ್ತದೆ. ಹಾಗೇ ಡಬ್ಬಕ್ಕೆ ಸುರಿದು ಮುಚ್ಚಿದರೆ ಒಳಗೆ ಬೆವರುತ್ತದೆ, ಗಂಟು ಕಟ್ಟುತ್ತದೆ, ಮುಗ್ಗಲು ಹಿಡಿಯುತ್ತದೆ. ಒಗೆದು ಒಣಗಿಸಿದ ಬಟ್ಟೆ ಮೇಲೆ ಹರಡಿ, ಪೂರಾ ಆರಿದ ಮೇಲೆ ಜರಡಿ ಹಿಡಿದು ತುಂಬಬೇಕು.

ಎಲ್ಲರೂ ಮಾಡುವ ಇನ್ನೊಂದು ತಪ್ಪು, ಹಳೇ ಹಿಟ್ಟಿನ ಮೇಲೆ ಹೊಸ ಹಿಟ್ಟು ಸುರಿಯುವುದು. ತಳದಲ್ಲಿ ಎರಡು ಹಿಡಿ ಉಳಿದಿದ್ದರೂ ಅದನ್ನು ತೆಗೆದು ಬೇರೆ ಇಡಿ. ಡಬ್ಬ ತೊಳೆದು, ಸಂದಿಗೊಂದಿ ಒರೆಸಿ, ಬಿಸಿಲಿಗೆ ಬೋರಲು ಹಾಕಿ, ಚೆನ್ನಾಗಿ ಒಣಗಿದ ಮೇಲೆ ಹೊಸ ಹಿಟ್ಟು ತುಂಬಿ. ಮುಚ್ಚಳ ಬಿಗಿಯಾಗಿರಲಿ. ತೆಳು ಪ್ಲಾಸ್ಟಿಕ್ ಕವರಿನ ಬಾಯಿಗೆ ಗಂಟು ಹಾಕಿ ಗೂಟಕ್ಕೆ ನೇತುಹಾಕಿದರೆ ಕಾವಲಾಗದು. ಸೂಜಿಮೊನೆಯಷ್ಟು ತೂತು ಇದ್ದರೂ ಮರಿಹುಳ ನುಸುಳುತ್ತದೆ.

ಹುಳ ಬಿದ್ದಿದೆಯೋ ಇಲ್ಲವೋ ತಿಳಿಯಲು ಒಂದು ಉಪಾಯವಿದೆ. ರಾತ್ರಿ ಹಿಟ್ಟಿನ ಮೇಲ್ಭಾಗವನ್ನು ಅಂಗೈಯಿಂದ ಸಮ ಮಾಡಿ ಮುಚ್ಚಿಡಿ. ಬೆಳಿಗ್ಗೆ ನೋಡಿದಾಗ ಗೆರೆ ಎಳೆದಂತೆ ಹೆಜ್ಜೆ ಮೂಡಿದ್ದರೆ ಒಳಗೆ ಸಂಚಾರ ನಡೆದಿದೆ ಎಂದೇ ಅರ್ಥ!

ಬೇವು, ಲಕ್ಕೆ ಸೊಪ್ಪು, ಲವಂಗ ಹಾಕುವ ವಾಡಿಕೆಯಿದೆ. ವಾಸನೆಗೆ ಹೊರಗಿನ ಹುಳು ಸ್ವಲ್ಪ ಹಿಂಜರಿದೀತು. ಆದರೆ ಒಳಗೆ ಸೇರಿದ ಮೊಟ್ಟೆ ಅದಕ್ಕೆಲ್ಲ ಸಾಯುವುದಿಲ್ಲ. ಹಸಿ ಎಲೆ ಹಾಕಿದರೆ ತೇವವಾಗಿ ಹಿಟ್ಟೇ ಕೆಡುತ್ತದೆ. ರವೆಯನ್ನು ಹುರಿದು ಆರಿಸಿ ಇಡುವುದು ಒಳ್ಳೆಯದು. ಫ್ರಿಜ್ ಇರುವವರು ಮೈದಾ, ಗೋಧಿ ಹಿಟ್ಟನ್ನು ಗಾಳಿಯಾಡದ ಚೀಲದಲ್ಲಿ ಕಟ್ಟಿ, ಮಂಜುಗಡ್ಡೆ ಕಟ್ಟುವ ಖಾನೆಯಲ್ಲಿ ನಾಲ್ಕೈದು ದಿನ ಇಟ್ಟು ತೆಗೆದರೆ ಹುಳ, ಮೊಟ್ಟೆ ಎರಡೂ ಸಾಯುತ್ತವೆ.

ಗುಳಿಗೆ ಬೇಡ, ಖಂಡಿತಾ ಬೇಡ!

ಇಲ್ಲಿ ಒಂದು ಎಚ್ಚರಿಕೆಯ ಮಾತು. ಗೋದಾಮಿನಲ್ಲಿ ಚೀಲಗಳಿಗೆ ಹಾಕುವ ಗುಳಿಗೆಯನ್ನು ಹೇಗೋ ಸಂಪಾದಿಸಿ, ಬಟ್ಟೆಯಲ್ಲಿ ಕಟ್ಟಿ ಮನೆಯ ಕಾಳು ಹಿಟ್ಟಿನ ಡಬ್ಬಕ್ಕೆ ಹಾಕುವ ದುಸ್ಸಾಹಸ ಅಲ್ಲಲ್ಲಿ ಉಂಟು. ಇದು ಅಲ್ಯೂಮಿನಿಯಂ ಫಾಸ್ಫೈಡ್. ಗಾಳಿಯ ತೇವ ತಗುಲಿದರೆ ಸಾಕು, ಫಾಸ್ಫೀನ್ ಎಂಬ ವಿಷಗಾಳಿ ಬಿಡುತ್ತದೆ. ಮುಚ್ಚಿದ ಕೋಣೆಯಲ್ಲಿ ಮಲಗಿದವರ ಪ್ರಾಣವನ್ನೇ ತೆಗೆಯಬಲ್ಲದು. ಇದಕ್ಕೆ ತಕ್ಕ ಪ್ರತಿವಿಷ ಇಲ್ಲ. ತರಬೇತಿ ಪಡೆದವರು, ಲೈಸೆನ್ಸ್ ಇದ್ದವರು ಬಿಟ್ಟು ಬೇರೆಯವರು ಇದನ್ನು ಮುಟ್ಟುವಂತಿಲ್ಲ ಎಂದು ಸರ್ಕಾರದ ನಿಯಮವೇ ಇದೆ. ಹುಳ ಬಿದ್ದ ಹಿಟ್ಟು ಹೋದರೆ ಹೋಗಲಿ, ಮನೆಯ ಮಕ್ಕಳನ್ನು ಪಣಕ್ಕಿಡಬೇಡಿ.

ತೀರಾ ಹುಳ ಬಿದ್ದು ಕಮಟು ವಾಸನೆ ಬಂದ ಹಿಟ್ಟನ್ನು ಜರಡಿ ಹಿಡಿದು ಉಣ್ಣುವುದೂ ಬೇಡ. ಹುಳು ತನ್ನ ಮೈಯಿಂದ ಬಿಡುವ ಕ್ವಿನೋನ್ ಎಂಬ ಪದಾರ್ಥ ಹಿಟ್ಟಿಗೆ ಬೆರೆತಿರುತ್ತದೆ. ಆ ವಾಸನೆ ಅದರದ್ದೇ. ಜರಡಿಗೆ ಹುಳು ಸಿಕ್ಕೀತು, ಅದು ಸಿಗದು.

ಅಂಗಡಿಯವರೂ ಕೇಳಬೇಕಾದದ್ದು

ತಪ್ಪೆಲ್ಲ ಗೃಹಿಣಿಯರದೇ ಎನ್ನುವಂತಿಲ್ಲ. ಗೋಡೆಗೆ ಒತ್ತಿ, ಬರಿ ನೆಲದ ಮೇಲೆ ಚೀಲ ಪೇರಿಸುವ ಅಂಗಡಿಗಳು ಎಷ್ಟಿಲ್ಲ? ಹೊಸ ಸ್ಟಾಕು ಬಂದರೆ ಹಳೆಯದರ ಮೇಲೇ ಏರುತ್ತದೆ. ತಳದ ಚೀಲ ತಳದಲ್ಲೇ ಉಳಿದು ಹುಳುವಿನ ತೌರುಮನೆಯಾಗುತ್ತದೆ. ಮರದ ಹಲಗೆ ಹಾಕಿ, ಗೋಡೆಯಿಂದ ಒಂದು ಅಡಿ ಬಿಟ್ಟು ಜೋಡಿಸಿ, ಮೊದಲು ಬಂದದ್ದನ್ನು ಮೊದಲು ಮಾರಿದರೆ ಅರ್ಧ ಕಾಟ ತಪ್ಪುತ್ತದೆ. ಚೆಲ್ಲಿದ ಹಿಟ್ಟು ದಿನಾ ಗುಡಿಸಬೇಕು. ಮಿಲ್ಲಿನವರು ರಾತ್ರಿ ಬಾಗಿಲು ಹಾಕುವ ಮುಂಚೆ ಯಂತ್ರದ ಒಳಗಿನ ಉಳಿಕೆ ತೆಗೆದು ಶುಚಿ ಮಾಡಿದರೆ ಊರಿಗೇ ಉಪಕಾರ.

ಹುಳ ಬಿದ್ದ ಮಾಲು ಮಾರುವುದು ಕಾನೂನಿನ ಕಣ್ಣಲ್ಲೂ ಅಪರಾಧವೇ. 1954ರ ಕಲಬೆರಕೆ ತಡೆ ಕಾಯಿದೆಯಲ್ಲೂ ಇದಕ್ಕೆ ಅವಕಾಶವಿರಲಿಲ್ಲ. ಅದರ ಜಾಗಕ್ಕೆ ಬಂದ 2006ರ ಆಹಾರ ಸುರಕ್ಷತೆ ಕಾಯಿದೆ ಅಂಥ ಪದಾರ್ಥವನ್ನು ‘ಅಸುರಕ್ಷಿತ’ ಎಂದೇ ಕರೆಯುತ್ತದೆ. ಗಿರಾಕಿ ಪ್ಯಾಕೆಟ್ ಹಿಂದಿರುಗಿಸಲು ಬಂದರೆ ಜಗಳ ತೆಗೆಯುವ ಬದಲು ಬದಲಿಸಿಕೊಡುವುದು ವ್ಯಾಪಾರಕ್ಕೂ ಒಳ್ಳೆಯದು, ಮಾನಕ್ಕೂ ಒಳ್ಳೆಯದು.

ಧಾನ್ಯ ಕಾಪಾಡುವ ವಿದ್ಯೆಗೆ ನಾವು ದೂರ ಹೋಗಬೇಕಾಗಿಯೂ ಇಲ್ಲ. ಪಕ್ಕದ ಮೈಸೂರಿನಲ್ಲೇ 1950ರಲ್ಲಿ ಆರಂಭವಾದ ಕೇಂದ್ರೀಯ ಆಹಾರ ಸಂಶೋಧನಾಲಯ ಇದೆ. ಅಲ್ಲಿ ಈ ಹುಳುಗಳನ್ನು ತಡೆಯುವುದಕ್ಕೆಂದೇ ಒಂದು ವಿಭಾಗವಿದೆ. ಅಲ್ಲಿನ ತಿಳಿವಳಿಕೆ ಗ್ರಾಮ ಪಂಚಾಯಿತಿ, ಸ್ತ್ರೀಶಕ್ತಿ ಸಂಘ, ಅಂಗನವಾಡಿಗಳ ಮೂಲಕ ಕಾಡಂಚಿನ ಹಳ್ಳಿಗೂ ಇಳಿದರೆ ಎಷ್ಟೋ ಮನೆಯ ಅನ್ನ ಉಳಿದೀತು. ಸಂಬಂಧಪಟ್ಟವರು ಇತ್ತ ಗಮನ ಹರಿಸುವರೇ?

ಅಲ್ಲಿಯವರೆಗೆ ನಮ್ಮ ಕಾವಲು ನಮ್ಮದೇ. ಆನೆ ತಡೆಯಲು ಕಂದಕ ತೋಡಬೇಕು, ಅದಕ್ಕೆ ಸರ್ಕಾರದ ದುಡ್ಡು ಬೇಕು. ಹುಳು ತಡೆಯಲು ಒಣಗಿದ ಡಬ್ಬ, ಬಿಗಿ ಮುಚ್ಚಳ, ಹದಿನೈದು ದಿನದ ಹಿಟ್ಟು ಸಾಕು. ಇದಕ್ಕೆ ಅರ್ಜಿ ಬರೆಯಬೇಕಿಲ್ಲ, ಯಾರ ಕೈಕಾಲೂ ಹಿಡಿಯಬೇಕಿಲ್ಲ.